ಜನಸಂದಣಿಯ ಜಾಗಗಳಿಗೆ ಲೋಹದ ಕಸದ ಡಬ್ಬಿ: ತಳದಿಂದ ನೋಡುತ್ತಾ ಬನ್ನಿ

ಬಸ್ ನಿಲ್ದಾಣ, ಉದ್ಯಾನ, ಆಸ್ಪತ್ರೆಯ ಅಂಗಳದಂತಹ ಕಡೆಗೆ ಕಸದ ಡಬ್ಬಿ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಅದರ ಹೊರಮೈಯ ಹೊಳಪನ್ನು. ಆದರೆ ಲೋಹದ ಡಬ್ಬಿ ಹಾಳಾಗಲು ತೊಡಗುವುದು ತಳದಿಂದ. ಹಣ್ಣಿನ ಸಿಪ್ಪೆ, ಕುಡಿದು ಉಳಿದ ಪಾನೀಯ, ಉಪ್ಪು ಬೆರೆತ ಆಹಾರ ಇವುಗಳಿಂದ ಸೋರಿದ ಹುಳಿ ರಸ ತಳದ ಬೆಸುಗೆಯ ಸಂದಿಯಲ್ಲಿ ದಿನಗಟ್ಟಲೆ ನಿಂತು ಲೋಹವನ್ನು ತಿನ್ನುತ್ತದೆ. ಆದ್ದರಿಂದ ಮಾದರಿ ಡಬ್ಬಿ ಕೈಗೆ ಬಂದ ಕೂಡಲೇ ಅದನ್ನು ಮಗುಚಿ ನೋಡಿ. ಬೆಸುಗೆ ಅಲ್ಲಲ್ಲಿ ಚುಕ್ಕೆಯಂತಿದ್ದರೆ ನಡುವಿನ ಸಂದುಗಳಲ್ಲಿ ರಸ ನಿಲ್ಲುವುದು ಖಚಿತ; ಸುತ್ತಲೂ ಒಂದೇ ಎಳೆಯಾಗಿ ಹರಿದ ಬೆಸುಗೆಯನ್ನೇ ಕೇಳಿ ಪಡೆಯಿರಿ. ತಳವು ನೆಲಕ್ಕೆ ಅಂಟದೆ, ಗಾಳಿಯಾಡುವಂತೆ ಕಾಲುಗಳ ಮೇಲೆ ನಿಂತಿರಬೇಕು.

ಲೋಹದ ಆಯ್ಕೆಯಲ್ಲಿ 'ಸ್ಟೇನ್‌ಲೆಸ್ ಸ್ಟೀಲ್' ಎಂಬ ಒಂದು ಮಾತು ಸಾಲದು. ಹೊರಾಂಗಣಕ್ಕೆ ಸಾಮಾನ್ಯವಾಗಿ ಒಗ್ಗುವುದು 304 ದರ್ಜೆ. ಅದರಲ್ಲಿ ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕಲ್ ಇರುತ್ತದೆ. ಕಡಲತೀರದ ಉಪ್ಪುಗಾಳಿ ಬೀಸುವಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುವ 316 ದರ್ಜೆಯೇ ಬೇಕು. ಅಯಸ್ಕಾಂತ ಹಿಡಿದು, ಅಂಟದಿದ್ದರೆ ಒಳ್ಳೆಯ ದರ್ಜೆ ಎಂದು ತಿಳಿಯುವ ಅಭ್ಯಾಸ ಹಲವರಲ್ಲಿದೆ; ಅದನ್ನು ನೆಚ್ಚಬೇಡಿ. ನಿಕಲ್ ಕಡಿಮೆಯಿರುವ, ಬೇಗ ತುಕ್ಕು ಹಿಡಿಯುವ 200 ಸರಣಿಯ ಉಕ್ಕೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ತಯಾರಕರಿಂದ ಲೋಹದ ಪರೀಕ್ಷಾ ಪ್ರಮಾಣಪತ್ರ ಕೇಳುವುದೇ ಸರಿಯಾದ ದಾರಿ.

ಹಣ ಕಡಿಮೆಯಿದ್ದರೆ ಸತು ಲೇಪಿಸಿದ ಉಕ್ಕನ್ನು ಆರಿಸಿಕೊಳ್ಳಬಹುದು, ಅದರಲ್ಲಿ ಕೀಳೇನೂ ಇಲ್ಲ. ಗೀರು ಬಿದ್ದಲ್ಲಿ ಸತುವು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಬರಿಯ ಉಕ್ಕಿನ ಮೇಲೆ ಪುಡಿ ಬಣ್ಣವನ್ನು ಕಾಯಿಸಿ ಹಿಡಿಸಿದ ಲೇಪಕ್ಕೆ, ಅಂದರೆ ಪೌಡರ್ ಕೋಟಿಂಗ್‌ಗೆ ಈ ಗುಣವಿಲ್ಲ: ಒಂದು ಸಣ್ಣ ಗೀರಿನಿಂದ ನುಗ್ಗಿದ ತೇವ ಬಣ್ಣದ ಅಡಿಯಲ್ಲೇ ಹರಡಿ, ಕೆಲವು ಮಳೆಗಾಲಗಳಲ್ಲಿ ಬಣ್ಣವನ್ನು ಹೊಪ್ಪಳೆಯಾಗಿ ಎಬ್ಬಿಸುತ್ತದೆ. ಸತುವಿನ ಮೇಲೆ ಪೌಡರ್ ಕೋಟಿಂಗ್ ಇರುವ ಡಬ್ಬಿ ಎರಡೂ ರಕ್ಷಣೆಗಳನ್ನು ಕೊಡುವುದರಿಂದ, ನನ್ನ ಮಟ್ಟಿಗೆ ಹೆಚ್ಚಿನ ಜಾಗಗಳಿಗೆ ಅದೇ ಸೂಕ್ತ. ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿ, ಏಕೆಂದರೆ ದಪ್ಪವನ್ನು ಸೂಚಿಸುವ ಇನ್ನೊಂದು ಅಳತೆಯಾದ ಗೇಜ್‌ನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ. ಜನರು ಒರಗುವ, ಗಾಡಿಗಳು ತಾಗುವ ಕಡೆ 1.5 ಮಿ.ಮೀ.ಗಿಂತ ತೆಳುವಾದದ್ದು ಬೇಡ.

ಬೋಲ್ಟು, ಕೀಲುಗಳನ್ನೂ ಮರೆಯಬೇಡಿ. ಸ್ಟೇನ್‌ಲೆಸ್ ಡಬ್ಬಿಗೆ ಸಾಮಾನ್ಯ ಉಕ್ಕಿನ ಬೋಲ್ಟು ಹಾಕಿದರೆ, ಎರಡು ಲೋಹಗಳು ತೇವದಲ್ಲಿ ತಾಗಿಕೊಂಡು ಬೋಲ್ಟು ಬೇಗನೆ ಸವೆದುಹೋಗುತ್ತದೆ.

ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಖಾಲಿ ಮಾಡಲು ಕಷ್ಟವಾದ ಡಬ್ಬಿ ಬಹುಕಾಲ ಬಾಳದು, ಏಕೆಂದರೆ ಎಳೆದಾಟದಲ್ಲಿ ಅದರ ಬಾಗಿಲು ಜೋತುಬೀಳುತ್ತದೆ, ಅಂಚು ಬಾಗುತ್ತದೆ. ನೀರೇ ಲೀಟರಿಗೆ 1 ಕಿಲೋ ತೂಗುವಾಗ, ಒದ್ದೆ ಕಸ ತುಂಬಿದ ದೊಡ್ಡ ಒಳಡಬ್ಬಿಯನ್ನು ಮೇಲಿನಿಂದ ಎತ್ತಬೇಕಾದ ಕಾರ್ಮಿಕರ ಸೊಂಟವನ್ನು ನೆನೆಯಿರಿ. ಪಕ್ಕದ ಬಾಗಿಲಿನಿಂದ ಎಳೆದು ತೆಗೆಯುವಂತಿರುವುದೇ ಮೇಲು. ದೊಡ್ಡದೊಂದರ ಬದಲು ಮಧ್ಯಮ ಗಾತ್ರದ ಎರಡನ್ನು ಇಡುವುದೂ ಒಳ್ಳೆಯದು. ಒಳಗಿನ ಅಂಚುಗಳ ಉದ್ದಕ್ಕೂ ಬೆರಳನ್ನು ಮೆಲ್ಲಗೆ ಆಡಿಸಿ ನೋಡಿ. ತಗಡಿನ ತುದಿ ಮಡಚಿರದೆ ಚರ್ಮಕ್ಕೆ ಚುಚ್ಚಿದರೆ, ಅದು ದಿನವೂ ಚೀಲವನ್ನು ಹರಿಯುತ್ತದೆ, ಕೈಯನ್ನೂ ಕೊಯ್ಯುತ್ತದೆ.

ಬಾಯಿಯ ಮೇಲೆ ಮಳೆ ತಡೆಯುವ ಮುಚ್ಚಳವಿರಲಿ. ಆರದ ಸಿಗರೇಟು ಬೀಳುವ ಕಡೆ ಒಳಡಬ್ಬಿಯೂ ಲೋಹದ್ದೇ ಆಗಿರಬೇಕು. ತೊಳೆಯುವಾಗ ಬ್ಲೀಚ್ ದ್ರಾವಣವನ್ನಾಗಲಿ ಕಬ್ಬಿಣದ ನಾರನ್ನಾಗಲಿ ಸ್ಟೇನ್‌ಲೆಸ್‌ಗೆ ತಾಗಿಸಬಾರದು, ಎರಡೂ ತುಕ್ಕನ್ನು ಕರೆತರುತ್ತವೆ.

ಒಟ್ಟಿಗೆ ಬೇಡಿಕೆ ಕೊಡುವ ಮುನ್ನ ಒಂದು ಡಬ್ಬಿಯನ್ನು ಅತಿ ಹೆಚ್ಚು ಜನರಿರುವ ಮೂಲೆಯಲ್ಲಿ ಒಂದು ತಿಂಗಳು ಇಟ್ಟು, ಅದನ್ನು ದಿನವೂ ಖಾಲಿ ಮಾಡಿದವರನ್ನೇ ಕರೆದು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಸೋರುತ್ತದೆ ಎಂದು ಕೇಳಿ ಬರೆದುಕೊಳ್ಳಿ; ತಯಾರಕರಿಗೆ ಕೊಡುವ ಬೇಡಿಕೆ ಪತ್ರದಲ್ಲಿ ಆ ಮಾತುಗಳೇ ಮೊದಲು ಬರಲಿ.