ಬ್ಲ್ಯಾಕ್ ಬೆಲ್ಟ್ ಬಂತು, ಇನ್ನ ಕ್ಲಾಸ್ ತಗೋಬಹುದೇನ್ರಿ ಸರ್?

ಕಲಬುರಗಿಯಾಗ ಕರಾಟೆ ಕಲಿಸೋರಿಗೆ ಜೂನ್ ಬಂತಂದ್ರ ಈ ಪ್ರಶ್ನೆ ಬಂದೇ ಬರ್ತದ. ಬ್ಲ್ಯಾಕ್ ಬೆಲ್ಟಿಗಿಂತ ಒಂದು ಮೆಟ್ಟಲು ಕೆಳಗಿನ ಬ್ರೌನ್ ಬೆಲ್ಟ್ ಹುಡುಗ ಬಂದು "ಸರ್, ನಮ್ಮ ಓಣ್ಯಾಗ ಒಂದು ಕ್ಲಾಸ್ ಶುರು ಮಾಡ್ಲೇನ್ರಿ" ಅಂತಾನ, ಇಲ್ಲಾಂದ್ರ ಬ್ಲ್ಯಾಕ್ ಬೆಲ್ಟ್ ಕೈಗೆ ಬಂದ ವಾರದಾಗ ಅವರಪ್ಪ ಬಂದು "ಇನ್ನ ನಮ್ಮ ಮಗನೂ ಮಾಸ್ತರ ಆದಂಗಲ್ರಿ?" ಅಂತ ಕೇಳ್ತಾರ. ಕೇಳೋದ್ರಾಗ ತಪ್ಪಿಲ್ಲ ಬಿಡ್ರಿ, ನಮ್ಮ ಕಡಿ ಕಲಿಸೋರು ಬೇಕೇ ಬೇಕು. ಸರ್ಕಾರಿ ಶಾಲ್ಯಾಗ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಮೂರು ತಿಂಗಳು ನಡೀತದ, ಹಾಸ್ಟೆಲ್‌ಗಳಾಗ ಓಬವ್ವ ಹೆಸರಿನ ತರಬೇತಿ ಅದ, ಜೇವರ್ಗಿ, ಆಳಂದ, ಸೇಡಂ, ಚಿತ್ತಾಪುರ ಅಂತ ಹಳ್ಳಿ ಶಾಲಿಗೆ ಬಸ್ ಹತ್ತಿ ಹೋಗೋರು ಬೇಕು, ಅದ್ರಾಗೂ ಕಲಿಸೋ ಹೆಣ್ಣುಮಕ್ಕಳು ಸಿಗೋದು ಭಾಳ ಕಷ್ಟ. ಹಿಂಗಾಗಿ ಇನ್ನೂ ತಯಾರಾಗದವರನ್ನೂ ಮುಂದ ನೂಕೋ ಒತ್ತಡ ಎಲ್ಲಾ ಮಾಸ್ತರಿಗೂ ಇರ್ತದ, ನನಗೂ ಅದ.

ನಾನು ಹೇಳೋದು ಇಷ್ಟೇ, ಬೆಲ್ಟ್ ನೋಡಿ ಕ್ಲಾಸ್ ಕೊಡಬ್ಯಾಡ್ರಿ, ಕಣ್ಣು ನೋಡಿ ಕೊಡ್ರಿ. ಬೆಲ್ಟ್ ಅನ್ನೋದು ಅವನ ಮೈ ಎಷ್ಟು ಕಲ್ತದ ಅಂತ ಹೇಳ್ತದ, ಮುಂದಿನವರ ಮೈ ಅವನಿಗೆ ಕಾಣಸ್ತದೋ ಇಲ್ಲೋ ಅಂತ ಹೇಳಂಗಿಲ್ಲ. ಬ್ಲ್ಯಾಕ್ ಬೆಲ್ಟಿನ ದರ್ಜೆಗೆ ಡಾನ್ ಅಂತಾರ, ಆ ಪದ್ಧತಿ ಮೊದಲು ಜೂಡೋದಾಗ ಬಂತು, ಜೂಡೋ ಕಟ್ಟಿದ ಕಾನೊ ಜಿಗೊರೊ 1883ರಾಗ ಶುರು ಮಾಡಿದ್ದು, ಕರಾಟೆಯಾಗ ಅದನ್ನ ಜಪಾನಿನಾಗ ಹಬ್ಬಿಸಿದ ಫುನಾಕೋಶಿ 1924ರಾಗ ಮೊದಲ ಡಾನ್ ಕೊಟ್ರು. ಆಮ್ಯಾಲ ಜಪಾನ್ ಕರಾಟೆ ಅಸೋಸಿಯೇಷನ್‌ನವರು 1956ರಾಗ ಇನ್‌ಸ್ಟ್ರಕ್ಟರ್ ಆಗೋರಿಗೇ ಅಂತ ಬ್ಯಾರೆ ಕೋರ್ಸ್ ಚಾಲೂ ಮಾಡಿದ್ರು, ಅದಕ್ಕ ಬಂದೋರು ಆಗಲೇ ಬ್ಲ್ಯಾಕ್ ಬೆಲ್ಟ್ ಇದ್ದೋರೇ. ಅಂಥ ಗಟ್ಟಿ ಮಂದಿಗೂ ಕಲಿಸೋದನ್ನ ಬ್ಯಾರೆಯಾಗಿ ಕಲಿಸಬೇಕಾಯ್ತು ಅಂದ್ರ ನಮ್ಮ ಹುಡುಗ್ರಿಗೆ ಬ್ಯಾಡ ಅಂತ ಹ್ಯಾಂಗ ಅನ್ನೋದು?

ಕಣ್ಣು ಅಂದ್ರ ಏನು ಅಂತ ಒಂದು ಉದಾಹರಣೆ ಹೇಳ್ತೀನಿ. ನಮ್ಮಲ್ಲಿ ಒಬ್ಬಾಕಿ ಡಿಗ್ರಿ ಓದೋ ಹುಡುಗಿ, ಬ್ರೌನ್ ಬೆಲ್ಟ್, ಆಕಿಗೆ ಒಬ್ಬ ಸಣ್ಣ ಹುಡುಗನ್ನ ಒಪ್ಪಿಸಿದ್ದೆ, ಜೆನ್‌ಕುತ್ಸು ದಾಚಿ, ಅಂದ್ರ ಮುಂದಿನ ಮೊಣಕಾಲು ಬಗ್ಗಿಸಿ ಉದ್ದ ಹೆಜ್ಜಿ ಹಾಕಿ ನಿಂತು ಗೆದಾನ್ ಬರಾಯ್, ಅಂದ್ರ ಕೈಯಿಂದ ಕೆಳಗಿನ ಹೊಡೆತ ತಡಿಯೋದು, ಅಷ್ಟೇ. ಅವನ ಹಿಂದಿನ ಹಿಮ್ಮಡಿ ನೆಲಕ್ಕ ಕೂಡೂದೇ ಇಲ್ಲ. ಆಕಿ "ತಮ್ಮಾ, ಹಿಮ್ಮಡಿ ಕೆಳಗ" ಅಂತಾಳ, ಅವ ಇಡ್ತಾನ, ಮುಂದಿನ ಹೆಜ್ಜಿಗೆ ಮತ್ತ ಎದ್ದು ಬರ್ತದ. ನಾನು ದೂರ ನಿಂತು ನೋಡ್ಲಿಕತ್ತಿದ್ದೆ, ಬಾಯಿ ಹಾಕ್ಲಿಲ್ಲ. ಆಕಿ ಸ್ವಲ್ಪ ಹೊತ್ತು ಸುಮ್ಮಾದ್ಳು, ಮುಂದಿಂದ ಎದ್ದು ಬಂದು ಅವನ ಮಗ್ಗಲಿಗೆ ಕೂತು ಕಾಲು ನೋಡಿದ್ಳು, ನೋಡಿ ಹಿಂದಿನ ಕಾಲು ಒಂದು ಗೇಣು ಮುಂದ ತರ್ಸಿದ್ಳು, ಸೊಟ್ಟ ಹೊರಗ ತಿರುಗಿದ್ದ ಬೆರಳು ಮುಂದಕ್ಕ ಮಾಡ್ಸಿದ್ಳು. ಹಿಮ್ಮಡಿ ಕೂತ್ಕೊಂತು! ಅವ ದೊಡ್ಡೋರನ್ನ ನೋಡಿ ಅವರಷ್ಟೇ ಉದ್ದ ಹೆಜ್ಜಿ ಹಾಕ್ಲಿಕ್ಕ ಹೋಗ್ತಿದ್ದ, ಅವನ ಕಾಲಿಗೆ ಅಷ್ಟು ಉದ್ದ ಆಗೂದಿಲ್ಲ, ತಪ್ಪು ಹಿಮ್ಮಡ್ಯಾಗ ಇರಲಿಲ್ಲ, ಹೆಜ್ಜ್ಯಾಗ ಇತ್ತು. ಹೇಳಿದ್ದೇ ಹೇಳೋದು ಬಿಟ್ಟು ಯಾಕ ಆಗ್ಲಿಕತ್ತದ ಅಂತ ಹುಡುಕಿದ್ಳಲ್ಲ, ಅವತ್ತೇ ಆಕಿಗೆ ಯೆಲ್ಲೋ ಬೆಲ್ಟ್ ಹುಡುಗ್ರ ಸಾಲು ಪೂರ್ತಿ ಕಲಿಸ್ಲಿಕ್ಕ ಕೊಟ್ಟೆ.

ಅದೇ ಟೈಮಿನಾಗ ನಮ್ಮಲ್ಲಿ ಕುಮಿತೆ, ಅಂದ್ರ ಎದುರಾಎದುರು ಆಡೋ ಸ್ಪರ್ಧೆಯಾಗ ಮೆಡಲ್ ತಂದ ಹುಡುಗ ಒಬ್ಬ ಇದ್ದ, ಒದ್ದ ಅಂದ್ರ ಕಣ್ಣಿಗೆ ಕಾಣೂದಿಲ್ಲ ಅಷ್ಟು ಫಾಸ್ಟ್. ಯಾರರೆ ಕೇಳಿದ್ರ "ನನ್ನಂಗ ಮಾಡು" ಅಂತಿದ್ದ. ಅವನಿಗೆ ಬರೋದು ಯಾವಾಗ ಹ್ಯಾಂಗ ಬಂತು ಅಂತ ಅವನಿಗೇ ಗೊತ್ತಿಲ್ಲ, ಹುಟ್ಟಾ ಬಂದದ. ಅವ ಕೆಟ್ಟ ವಿದ್ಯಾರ್ಥಿ ಅಲ್ಲ, ಖರೇ ಹೇಳಬೇಕಂದ್ರ ನನ್ನ ಹೆಮ್ಮಿ ಅವ, ಆದ್ರ ಕಲಿಸ್ಲಿಕ್ಕ ಇನ್ನೂ ಟೈಮ್ ಬೇಕು ಅಂತ ಅವನಿಗೂ ಅವರ ಮನ್ಯಾಗೂ ನೇರ ಹೇಳ್ದೆ.

ನಾನು ಹ್ಯಾಂಗ ಬೆಳಸ್ತೀನಿ ಅಂದ್ರ, ಬ್ಲೂ ಬೆಲ್ಟ್ ಆದಾಗ ಮೊದಲು ಎಣಿಕಿ ಹೇಳ್ಲಿಕ್ಕ ಹಚ್ತೀನಿ, ಇಚ್, ನಿ, ಸಾನ್ ಅಂತ, ಜಪಾನಿ ಭಾಷ್ಯಾಗ ಒಂದು, ಎರಡು, ಮೂರು. ಸಣ್ಣ ಕೆಲಸ ಅನ್ನಸ್ತದ, ಆದ್ರ ಹಿಂದಿನ ಸಾಲಿನವರು ನೆಟ್ಟಗ ನಿಲ್ಲೋತನ ಕಾಯೋದು, ದನಿ ಮೈದಾನದ ಆ ತುದಿಗೆ ಮುಟ್ಟಸೋದು ಎಲ್ಲಾ ಅಲ್ಲೇ ಗೊತ್ತಾಗ್ತದ. ಆಮ್ಯಾಲ ವಾರ್ಮ್ ಅಪ್, ಆಮ್ಯಾಲ ಒಬ್ಬನೇ ಹೊಸ ಹುಡುಗ, ಆಮ್ಯಾಲ ಸಣ್ಣ ಗುಂಪು. ಒಂದು ಸಲಕ್ಕ ಒಂದೇ ತಪ್ಪು ತಿದ್ದಬೇಕು ಅಂತ ಕಟ್ಟುನಿಟ್ಟು. ಹೊಸದಾಗಿ ಕಲಿಸೋರಿಗೆ ತಮಗೆ ಗೊತ್ತಿದ್ದಿದ್ದೆಲ್ಲಾ ಒಂದೇ ಉಸಿರಿನಾಗ ಹೇಳೋ ಆಸಿ, ಪಾಪ ಆ ಕೂಸಿಗೆ ಸೊಂಟ ನೋಡ್ಲೋ ಮುಷ್ಟಿ ನೋಡ್ಲೋ ತಿಳಿಯಂಗಿಲ್ಲ.

ಇನ್ನೊಂದು ಪರೀಕ್ಷಾ ಅದ, ಇದು ಯಾವ ಗ್ರೇಡಿಂಗ್‌ನಾಗೂ, ಅಂದ್ರ ಬೆಲ್ಟ್ ಪರೀಕ್ಷಾದಾಗೂ, ಇರಂಗಿಲ್ಲ. ಮಕ್ಕಳ ಕಡಿ ಮುಖ ಮಾಡಿ ನಿಂತು ಬೇಸಿಕ್ಸ್ ತೋರಸಬೇಕು. ಬಾಯಾಗ "ಎಡಗಾಲು ಮುಂದ" ಅಂತ ಹೇಳ್ಬೇಕು, ತಾನು ಬಲಗಾಲು ಹಾಕ್ಬೇಕು, ಯಾಕಂದ್ರ ಸಣ್ಣೋರು ಕೇಳಿದ್ದು ಮಾಡಂಗಿಲ್ಲ, ಕಂಡಿದ್ದು ಮಾಡ್ತಾರ. ಕತಾ, ಅಂದ್ರ ಗೊತ್ತಾದ ಸಾಲಿನಾಗ ಮಾಡೋ ಹೆಜ್ಜಿ-ಹೊಡೆತಗಳ ಸರಣಿ, ಕಲಿಸುವಾಗ ಇನ್ನೂ ಕಷ್ಟ. ಹೇಯಾನ್ ಶೋದಾನ್ ತಗೋರಿ, 21 ಮೂವ್‌ಮೆಂಟ್, ಮೊದಲನೇದ್ರಾಗೇ ಎಲ್ಲಾರೂ ಎಡಕ್ಕ ತಿರುಗ್ತಾರ, ಮುಂದ ನಿಂತ ಮಾಸ್ತರ ಅವರ ಬಲಕ್ಕ ಉಳಿದು ಬಿಡ್ತಾನ, ಮೂರನೇದಕ್ಕ ಪೂರಾ ಹಿಂದಕ್ಕ ತಿರುಗಿದ್ರ ಬಲಗಡಿ ತುದಿಯ ಕೂಸಿನ ಮುಂದ ಯಾರೂ ಇಲ್ಲ, ಅದು ಪಕ್ಕದವನ್ನ ಹಣಿಕಿ ಹಾಕಿ ನೋಡ್ತದ. ಕತಾ ಶುರು ಮಾಡೋಕ್ಕಿಂತ ಮೊದಲೇ ನಾಕೂ ಮೂಲಿಗೆ ಆ ಕತಾ ಗೊತ್ತಿದ್ದೋರನ್ನ ನಿಲ್ಲಿಸಿ ಬರೋನು ನನ್ನ ಲೆಕ್ಕದಾಗ ಮಾಸ್ತರ ಆದ. ಇದನ್ನ ನಾನು ಮೊದಲೇ ಹೇಳಿಕೊಡಂಗಿಲ್ಲ, ತಾನಾಗೇ ಹೊಳೀಬೇಕು ಅಂತ ಕಾಯ್ತೀನಿ.

ಮತ್ತ ನಮ್ಮ ಬಿಸಲು. ಏಪ್ರಿಲ್ ಮೇ ಒಳಗ ಇಲ್ಲಿ 42 ಡಿಗ್ರಿ ದಾಟ್ತದ, ಸಮ್ಮರ್ ಕ್ಯಾಂಪ್ ಇರೋದೂ ಆಗಲೇ. ಮುಂಜಾನಿ ಎಷ್ಟು ಲಗು ಶುರು ಮಾಡಿದ್ರೂ ಎಂಟರ ಮ್ಯಾಲ ಸಿಮೆಂಟ್ ನೆಲ ಕಾಯ್ಲಿಕ್ಕ ಹತ್ತತದ. ತಲಿ ನೋವು, ಓಕರಿಕಿ, ಚಕ್ರ ಬರೋದು ಅಂದ ಕೂಸನ್ನ ತಕ್ಷಣ ನೆಳ್ಳಿಗೆ ಕರ್ಕೊಂಡು ಜಾಕೆಟ್ ಸಡಿಲ ಮಾಡಿ ಒದ್ದಿ ಬಟ್ಟಿ ಹಾಕಿ ಓಆರ್‌ಎಸ್ ಕುಡಿಸಬೇಕು, ಮಾತು ತೊದಲ್ತು, ಏನೇನೋ ಅನ್ಲಿಕತ್ತು ಅಂದ್ರ ಮೈ ತಂಪು ಮಾಡ್ಕೋತ ನೇರ ದವಾಖಾನಿಗೆ ಓಡಬೇಕು, ಬಾಯಿಗೆ ನೀರು ಹಾಕ್ಕೋತ ಕೂಡಬಾರದು. ನೀರು ಕೇಳಿದ ಕೂಸಿಗೆ "ಇನ್ನೂ ಐವತ್ತು ಪಂಚ್ ಹೊಡಿ, ಆಮ್ಯಾಲ" ಅನ್ನೋನ ಕೈಯಾಗ ನಾನು ಕ್ಲಾಸ್ ಕೊಡಂಗಿಲ್ಲ, ಅವ ಮೂರನೇ ಡಾನ್ ಇದ್ರೂ ಅಷ್ಟೇ. ಸ್ಪ್ಲಿಟ್ ಹೊಡಿಸ್ಲಿಕ್ಕ ಮಕ್ಕಳ ಹೆಗಲ ಮ್ಯಾಲ ಕೂತು ಒತ್ತೋರಿಗೂ ಇದೇ ಮಾತು.

ಹದಿನೆಂಟು ತುಂಬೋತನ ಯಾರಿಗೂ ಒಂಟಿ ಕ್ಲಾಸ್ ಇಲ್ಲ. ಮಕ್ಕಳ ಮೈ ಮುಟ್ಟಿ ತಿದ್ದೋ ಕೆಲಸ ಇದು, ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ತಡಿಯೋ 2012ರ ಪೋಕ್ಸೋ ಕಾಯ್ದಿ ಏನು ಹೇಳ್ತದ ಅಂತ ಕೂಡ್ರಿಸಿ ಹೇಳ್ತೀನಿ, ಮುಟ್ಟೋಕ್ಕಿಂತ ಮೊದಲು "ಕೈ ಹಿಡಿದು ತೋರಸ್ಲೇನವ್ವಾ" ಅಂತ ಕೇಳಬೇಕು, ಬಾಗಲಾ ತೆರೆದಿರಬೇಕು, ತಾಯಿ ತಂದಿ ಕೂತು ನೋಡ್ತೀವಿ ಅಂದ್ರ ಕುರ್ಚಿ ಹಾಕಬೇಕು.

ಮೊದಲು ಹೇಳಿದಂಗ ಹುಡುಗನ ಅಪ್ಪ ಬಂದು ಕೇಳಿದ್ರ ನಾನು ಹೇಳೋದು, ಬ್ಲ್ಯಾಕ್ ಬೆಲ್ಟ್ ಆದ ಮ್ಯಾಲ ಕಮ್ಮಿ ಅಂದ್ರ ಎರಡು ವರ್ಷ ನನ್ನ ಮಗ್ಗಲಾಗ ನಿಂತು ಕಲಿಸ್ಲಿ ಕಾಕಾ, ಪೆಟ್ರೋಲ್ ಖರ್ಚು, ತಿಂಗಳಿಗಿಷ್ಟು ಅಂತ ನಾನು ಕೊಡ್ತೀನಿ, ಪುಕ್ಕಟೆ ದುಡಿಸಿಕೊಳ್ಳಂಗಿಲ್ಲ. ಮುಂದ ಸ್ವಂತ ಕ್ಲಾಸ್ ಹಾಕಿದ್ರೂ ಐತವಾರ ತನ್ನ ಪ್ರಾಕ್ಟೀಸಿಗೆ ನನ್ನ ಹತ್ರ ಬರ್ಲೇಬೇಕು, ಬರೋದು ನಿಂತ್ರ ಅವನ ಹುಡುಗ್ರ ಗ್ರೇಡಿಂಗ್‌ಗೆ ನಾನು ಸಹಿ ಹಾಕಂಗಿಲ್ಲ.