ಕೆಲಸದಲ್ಲಿ ಸ್ವಾಯತ್ತತೆ: ಕೇಳುವುದು ಹೇಗೆ, ಕೊಡುವುದು ಹೇಗೆ

ಗ್ರಾಹಕರ ದೂರು ನೋಡಿಕೊಳ್ಳುವ ಒಂದು ಸಣ್ಣ ತಂಡ ನನ್ನ ಕೈಕೆಳಗಿದೆ. ಹೊಸದಾಗಿ ಸೇರುವವರು ‘ಇಲ್ಲಿ ಆಟೊನಮಿ (ಸ್ವಾಯತ್ತತೆ) ಇದೆಯಾ?’ ಅಂತ ಕೇಳುತ್ತಾರೆ. ಇದೆ ಅಂದುಬಿಡುವುದು ಸುಲಭ. ಯಾವ ವಿಷಯದಲ್ಲಿ, ಎಲ್ಲಿಯವರೆಗೆ ಅಂತ ಹೇಳದಿದ್ದರೆ ಆ ಮಾತು ಬರೀ ಗಾಳಿಮಾತು.

ಏನು ಆಗಬೇಕು ಅನ್ನುವುದನ್ನು ಸಂಸ್ಥೆ ಹೇಳುತ್ತದೆ. ಅದನ್ನು ಹೇಗೆ ಮಾಡಬೇಕು, ಯಾವುದನ್ನು ಮೊದಲು ಹಿಡಿಯಬೇಕು ಅನ್ನುವುದನ್ನು ನೀವು ನಿರ್ಧರಿಸುತ್ತೀರಿ. ಸ್ವಾಯತ್ತತೆ ಅಂದರೆ ಸದ್ಯಕ್ಕೆ ಇಷ್ಟು ಸಾಕು. 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು ಒಳ್ಳೆಯ ಕೆಲಸಕ್ಕೆ ಇರಬೇಕಾದ ಐದು ಗುಣಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಇದೂ ಒಂದು. ‘ಫಲಿತಾಂಶದ ಹೊಣೆ ನನ್ನದು’ ಎಂಬ ಭಾವನೆ ಇದರಿಂದ ಬರುತ್ತದೆ ಅನ್ನುವುದು ಅವರ ವಾದ. ಹಾಗಾಗಿ ನಿರ್ಧಾರ ಮಾತ್ರ ನನ್ನದು, ಎಡವಟ್ಟಾದರೆ ಮೇಲಿನವರದ್ದು ಅಂದರೆ ನಡೆಯುವುದಿಲ್ಲ, ಅಲ್ವಾ?

ಇನ್ನು ಕೇಳುವ ಬಗೆ. ಒಂದು ವಾರ ಯಾವ್ಯಾವುದಕ್ಕೆ ಅನುಮತಿ ಕೇಳಿದಿರಿ ಅಂತ ಬರೆದಿಡಿ. ಪಕ್ಕದಲ್ಲಿ ಬಂದ ಉತ್ತರವನ್ನೂ ಬರೆಯಿರಿ. ಕೇಳಿದಾಗಲೆಲ್ಲ ‘ಓಕೆ’ ಅಂತಲೇ ಬಂದ ವಿಷಯಗಳು ಕಣ್ಣಿಗೆ ಬೀಳುತ್ತವೆ. ನೀವೇ ನಿರ್ಧರಿಸಲು ಬಿಡಿ ಅಂತ ಮೊದಲು ಕೇಳಬೇಕಾದದ್ದು ಅವನ್ನೇ. ‘ನನಗೆ ಸ್ವಾತಂತ್ರ್ಯ ಬೇಕು’ ಅಂದರೆ ಯಾವ ಬಾಸ್‌ಗೂ ಸ್ವಲ್ಪ ದಿಗಿಲಾಗುತ್ತದೆ. ಅದರ ಬದಲು ನಮ್ಮ ತಂಡದ ಒಬ್ಬರು ಕಳಿಸಿದ ಮೆಸೇಜ್ ನೋಡಿ:

‘ತಪ್ಪು ವಸ್ತು ತಲುಪಿದ್ದು ಫೋಟೊದಲ್ಲಿ ಸ್ಪಷ್ಟವಾಗಿದ್ದರೆ ಹಣ ವಾಪಸ್ ಮಾಡುವುದನ್ನು ಇನ್ನು ನಾನೇ ನಿರ್ಧರಿಸಲೇ? ಶುಕ್ರವಾರ ಎಲ್ಲದರ ಪಟ್ಟಿ ಕಳಿಸುತ್ತೇನೆ. ಒಬ್ಬರೇ ಗ್ರಾಹಕರು ಎರಡನೇ ಸಲ ಕೇಳಿದರೆ ನಿಮ್ಮ ಹತ್ತಿರ ಬರುತ್ತೇನೆ.’

ಯಾವ ನಿರ್ಧಾರ, ಲೆಕ್ಕ ಯಾವಾಗ, ಎಲ್ಲಿ ನಿಲ್ಲುವುದು, ಮೂರೂ ಇದರಲ್ಲಿವೆ. ಬೇಡ ಅನ್ನಲು ನನಗೆ ಕಾರಣವೇ ಸಿಗಲಿಲ್ಲ. ಶುಕ್ರವಾರದ ಆ ಪಟ್ಟಿ ಮುಖ್ಯ. ಅದು ತಪ್ಪದೆ ಬಂದರೆ ನಡುವೆ ಇಣುಕಿ ನೋಡುವ ಚಾಳಿ ತಾನಾಗಿ ಕಡಿಮೆಯಾಗುತ್ತದೆ.

ಕೊಡುವವರಿಗೆ ಇದು ಇನ್ನೂ ಕಷ್ಟ. ‘ಸರ್, ಏನು ಮಾಡಲಿ?’ ಅಂತ ಯಾರಾದರೂ ಬಂದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ತಡೆದುಕೊಳ್ಳಿ. ‘ನಿಮಗೇನು ಅನ್ನಿಸುತ್ತದೆ?’ ಅಂತ ಕೇಳಿ. ಅವರ ದಾರಿ ನಿಮ್ಮದಕ್ಕಿಂತ ಬೇರೆಯಾಗಿದ್ದು, ಕೆಲಸ ಕೆಡುವುದಿಲ್ಲ ಅನ್ನಿಸಿದರೆ ಸುಮ್ನೆ ಬಿಟ್ಟುಬಿಡಿ. ಬಿಡಲಾಗದ ವಿಷಯಗಳೂ ಇರುತ್ತವೆ: ಕಾನೂನು, ಸುರಕ್ಷತೆ, ಗ್ರಾಹಕರ ಖಾಸಗಿ ಮಾಹಿತಿ. ಅವನ್ನು ಮೊದಲ ದಿನವೇ ಹೇಳಿಬಿಡಿ.

ಹಾಗಂತ ಕೆಲಸ ತಲೆಗೆ ಕಟ್ಟಿ ‘ನೀವೇ ನೋಡ್ಕೊಳ್ಳಿ’ ಅನ್ನುವುದನ್ನು ಸ್ವಾಯತ್ತತೆ ಅಂತ ಕರೆಯಬೇಡಿ. ಬೇಕಾದ ಮಾಹಿತಿ, ಸಮಯ, ಸಿಸ್ಟಮ್‌ನಲ್ಲಿ ಆ್ಯಕ್ಸೆಸ್ ಕೊಡದೆ ಹೊಣೆ ಮಾತ್ರ ಕೊಟ್ಟರೆ ಅದು ಕೈತೊಳೆದುಕೊಳ್ಳುವುದು ಅಷ್ಟೇ. ಕೆಲಸದ ಒತ್ತಡ ಜಾಸ್ತಿ, ನಿರ್ಧಾರದ ಹಿಡಿತ ಕಡಿಮೆ ಇರುವ ಕಡೆ ಜನ ಹೆಚ್ಚು ಹೈರಾಣಾಗುತ್ತಾರೆ ಅಂತ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲೇ ಬರೆದಿದ್ದರು.

ಕೇಳಿದ ಮೇಲೂ ಬಾಸ್ ಒಪ್ಪದಿದ್ದರೆ? ವಾದಕ್ಕೆ ಇಳಿಯಬೇಡಿ. ಅದೇ ಒಂದು ನಿರ್ಧಾರವನ್ನು ಒಂದು ತಿಂಗಳ ಮಟ್ಟಿಗೆ ಕೇಳಿ, ಹಿಂಪಡೆಯುವ ಹಕ್ಕು ಅವರಿಗೇ ಇರಲಿ. ಅದಕ್ಕೂ ಆಗಲ್ಲ ಅಂದರೆ ಏನಾಗಬಹುದು ಅನ್ನುವ ಭಯವಿದೆ ಅಂತ ನೇರವಾಗಿ ಕೇಳಿ. ಹೆಚ್ಚಾಗಿ ಹಿಂದೆ ಯಾವಾಗಲೋ ಕೆಟ್ಟುಹೋದ ಒಂದು ಕೆಲಸದ ಕಥೆ ಹೊರಗೆ ಬರುತ್ತದೆ. ಆಗ ಚರ್ಚೆಗೆ ಒಂದು ಹಿಡಿ ಸಿಗುತ್ತದೆ.