ಸಾದಾ ಫೆರಿಕ್ ಟೇಪಿನಲ್ಲಿ ಮಿಕ್ಸ್‌ಟೇಪ್: ನನ್ನ ಅನುಭವ

ಒಳ್ಳೆಯ ಮಿಕ್ಸ್‌ಟೇಪಿಗೆ, ಅಂದರೆ ಆಯ್ದ ಹಾಡುಗಳನ್ನು ಸಾಲಾಗಿ ತುಂಬಿಸಿದ ಕ್ಯಾಸೆಟ್ಟಿಗೆ, ಕ್ರೋಮ್ ಲೇಪದ ಟೇಪೇ ಬೇಕು, ಡಾಲ್ಬಿ (ಟೇಪಿನ ಸದ್ದನ್ನು ತಗ್ಗಿಸುವ ವ್ಯವಸ್ಥೆ) ಇಲ್ಲದೆ ಫೆರಿಕ್, ಅಂದರೆ ಕಬ್ಬಿಣದ ಆಕ್ಸೈಡ್ ಲೇಪದ ಸಾದಾ ಟೇಪಿನ ಮೇಲೆ ತುಂಬಿಸಿದರೆ ಹಾಡಿಗಿಂತ ಸುಯ್ಯೆನ್ನುವ ಸದ್ದೇ ಹೆಚ್ಚು ಕೇಳುತ್ತದೆ ಎಂದು ನನ್ನ ಹಾಗೆಯೇ ಕ್ಯಾಸೆಟ್ಟಿನ ಹುಚ್ಚು ಹಿಡಿದ ಗೆಳೆಯರು ವಾದಿಸುತ್ತಿದ್ದರು. ಈಚೆಗೆ ಅವರಲ್ಲೇ ಒಬ್ಬರು ನಾನು ಕೊಟ್ಟ ಸಿ-90 (ಎರಡೂ ಬದಿ ಸೇರಿ ತೊಂಬತ್ತು ನಿಮಿಷದ ಕ್ಯಾಸೆಟ್) ಕೇಳಿ, ಇದು ಯಾವ ಕ್ರೋಮ್ ಎಂದು ವಿಚಾರಿಸಿದರು. ಅದು ಸಾದಾ ಫೆರಿಕ್, ಡಾಲ್ಬಿಯೂ ಇಲ್ಲ.

ನನ್ನನ್ನು ಈ ದಾರಿಗೆ ತಂದದ್ದು ಹಣ. ಸೀಲು ಒಡೆಯದ ಹಳೆಯ ಕ್ರೋಮ್ ಕ್ಯಾಸೆಟ್ ಒಂದರ ಬೆಲೆಗೆ ಮೂರೋ ನಾಲ್ಕೋ ಹೊಸ ಫೆರಿಕ್ ಬರುತ್ತವೆ. ಹಾಗೆ ಕೊಂಡ ಒಂದು ಪೆಟ್ಟಿಗೆ ಕ್ರೋಮ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೈಕೊಟ್ಟವು. ಟೇಪನ್ನು ಹೆಡ್ಡಿಗೆ (ಡೆಕ್ಕಿನಲ್ಲಿ ಟೇಪಿನ ಮೇಲೆ ಬರೆಯುವ, ಓದುವ ಭಾಗಕ್ಕೆ) ಒತ್ತಿಹಿಡಿಯುವ ಪುಟ್ಟ ಫೆಲ್ಟ್ ತುಂಡಿನ ಅಂಟು ವರ್ಷಗಳಲ್ಲಿ ಒಣಗಿ, ಮೊದಲ ಸಲ ಓಡಿಸಿದಾಗಲೇ ಅದು ಕಳಚಿಬಿತ್ತು, ಧ್ವನಿ ಮಂಕಾಗಿ ಏರಿಳಿಯತೊಡಗಿತು. ಉಳಿತಾಯವೆಂದು ಸಿ-120 ಹಿಡಿದವರ ಪಾಡು ಗೊತ್ತೇ ಇದೆ: ಕೇವಲ 9 ಮೈಕ್ರಾನ್ ದಪ್ಪದ ಆ ಟೇಪು ತನ್ನನ್ನು ಎಳೆಯುವ ಪಿಂಚ್ ರೋಲರಿಗೆ ಸುತ್ತಿಕೊಳ್ಳಲು ಕಾದಿರುತ್ತದೆ. ನಾನು ಸಿ-90 ದಾಟುವುದಿಲ್ಲ.

ನನ್ನ ಕ್ರಮದ ಜೀವಾಳ ಬಯಾಸ್, ಅಂದರೆ ರೆಕಾರ್ಡ್ ಮಾಡುವಾಗ ಹಾಡಿನೊಂದಿಗೆ ಬೆರೆಸುವ, ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನಾಂಕದ ಸಂಕೇತ. ರೆಕಾರ್ಡ್ ಆಗುತ್ತಿರುವಾಗಲೇ ಟೇಪನ್ನು ಕೇಳಬಹುದಾದ ಮೂರು ಹೆಡ್ಡಿನ ಡೆಕ್ಕಿನಲ್ಲಿ, ಎಫ್‌ಎಂನ ಎರಡು ನಿಲಯಗಳ ನಡುವಿನ ಬರೀ ಸುಯ್ಯೆನ್ನುವ ಸದ್ದನ್ನು ಮಟ್ಟದ ಮಾಪಕದ ಸೊನ್ನೆಗಿಂತ 20 ಡೆಸಿಬೆಲ್‌ನಷ್ಟು ಕೆಳಗೆ ರೆಕಾರ್ಡ್ ಮಾಡುತ್ತಾ, ಮೂಲವನ್ನೂ ಟೇಪನ್ನೂ ಅದಲುಬದಲು ಮಾಡಿ ಕೇಳುತ್ತಾ, ಎರಡರ ತಾರಧ್ವನಿ ಒಂದೇ ಆಗುವವರೆಗೆ ಬಯಾಸ್ ಗುಂಡಿಯನ್ನು ತಿರುಗಿಸುತ್ತೇನೆ. ಹೆಚ್ಚಾದರೆ ಧ್ವನಿ ಮಂಕಾಗುತ್ತದೆ, ಕಡಿಮೆಯಾದರೆ ಚುರುಕಾಗಿ ಕೇಳಿದರೂ ಒಡೆಯುತ್ತದೆ. ಸಮವಾದ ಆ ಜಾಗದಿಂದ ನಾನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸುತ್ತೇನೆ. ಯಾವ ಕಡೆಗೆ ಎಂಬುದು ನನ್ನಲ್ಲೇ ಇರಲಿ. ಒಂದೇ ಕಂಪನಿಯ ಎರಡು ಪೆಟ್ಟಿಗೆಗಳಿಗೂ ಹೊಂದಾಣಿಕೆ ಬೇರೆಯಾಗುವುದುಂಟು, ಆದ್ದರಿಂದ ಪ್ರತಿ ಪೆಟ್ಟಿಗೆಗೂ ಮತ್ತೆ ಮಾಡಬೇಕು.

ಆಮೇಲೆ ಧೈರ್ಯವಾಗಿ ಮಟ್ಟ ಏರಿಸುತ್ತೇನೆ. ಫೆರಿಕ್ ಟೇಪು ಮಂದ್ರ ಮತ್ತು ಮಧ್ಯದ ಧ್ವನಿಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ತಬಲ, ಬೇಸ್ ಗಿಟಾರ್ ಇರುವ ಹಾಡಿನಲ್ಲಿ ಮುಳ್ಳು +3, +4 ಮುಟ್ಟಿದರೂ ಅಂಜುವುದಿಲ್ಲ. ಅದು ಸೋಲುವುದು ತಾರದಲ್ಲಿ. ಸಿಂಬಲ್‌ಗಳ ಅಬ್ಬರವಿದ್ದರೆ ಎರಡು ಡೆಸಿಬೆಲ್ ಇಳಿಸುತ್ತೇನೆ. ಸುಯ್ಯೆನ್ನುವುದು ಈ ಮಟ್ಟದ ಕೆಳಗೆ ಅಡಗಿಹೋಗುತ್ತದೆ.

ಡಾಲ್ಬಿ ಬಿ ಹಾಕಿ ರೆಕಾರ್ಡ್ ಮಾಡಿ, ಅದಿಲ್ಲದೆ ನುಡಿಸಿಯೂ ನೋಡಿದೆ. ಮಂಕು ಹೆಡ್‌ಫೋನಿನಲ್ಲಿ ಅದು ಹಿತವಾಗಿತ್ತು, ಒಳ್ಳೆಯ ಸ್ಪೀಕರಿನಲ್ಲಿ ಕಿವಿ ಚುಚ್ಚಿತು. ಇನ್ನೊಂದು ಪ್ರಯೋಗ, ಹಾಡು ಶುರುವಾಗುವ ಮುನ್ನ ಪಕ್ಕದ ಸುತ್ತಿನಿಂದ ಇಳಿದು ಮೆಲ್ಲಗೆ ಕೇಳಿಸುವ ಅದರದೇ ನೆರಳುಧ್ವನಿಯದು: ಬಹಳ ದಿನ ಇಟ್ಟ ಕ್ಯಾಸೆಟ್ಟನ್ನು ನುಡಿಸುವ ಮೊದಲು ಎರಡೂ ಕಡೆಗೆ ಒಮ್ಮೆ ಪೂರ್ತಿ ಸುತ್ತಿದರೆ ಅದು ಸಾಕಷ್ಟು ತಗ್ಗಿತು.

ಇಷ್ಟೆಲ್ಲ ಪಾಡುಪಡುವುದು ಹಾಡುಗಳ ಸಾಲಿಗಾಗಿ. ಕ್ಯಾಸೆಟ್ಟಿನ ಕಾಲದಲ್ಲಿ ಗೆಳೆಯರಿಗೆ ಕೊಡುವ ಕ್ಯಾಸೆಟ್ಟಿಗೆ ಎ ಬದಿಯ ಮೊದಲ ಹಾಡು ಯಾವುದೆಂದು ವಾರಗಟ್ಟಲೆ ಯೋಚಿಸುತ್ತಿದ್ದೆವು; ತೊಂಬತ್ತು ನಿಮಿಷ ತುಂಬಿಸಲು ತೊಂಬತ್ತು ನಿಮಿಷ ಕೂತು ಕೇಳಲೇಬೇಕಿತ್ತು, ಕೇಳುವವರಿಗೂ ಹಾಡು ಹಾರಿಸುವುದು ಸುಲಭವಿರಲಿಲ್ಲ. ಆ ಗಮನ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬದಿಯ ಕೊನೆಯಲ್ಲಿ ಹಾಡು ಅರ್ಧಕ್ಕೆ ತುಂಡಾಗುವುದು ಆಗ ಎಲ್ಲರಿಗೂ ಇದ್ದ ಸಂಕಟ. 1963ರಲ್ಲಿ ಫಿಲಿಪ್ಸ್ ಹೊರತಂದಾಗಿನಿಂದ ಕ್ಯಾಸೆಟ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ, ಆದರೆ ಒಳಗೆ ಎಷ್ಟು ಟೇಪಿದೆಯೆಂಬುದನ್ನು ಹೊದಿಕೆಯ ಮೇಲಿನ ಅಂಕಿ ಸರಿಯಾಗಿ ಹೇಳುವುದಿಲ್ಲ. ನನ್ನ ಸಿ-90ಗಳಲ್ಲಿ ಒಂದು ಬದಿ ಸುಮಾರು 46 ನಿಮಿಷ ಓಡುತ್ತದೆ. ಖಾಲಿ ಟೇಪನ್ನು ಗಡಿಯಾರ ಹಿಡಿದು ಒಮ್ಮೆ ಓಡಿಸಿ, ಕೊನೆಯ ಹಾಡನ್ನು ಮೊದಲು ಆರಿಸಿ, ಉಳಿದವನ್ನು ಹಿಂದಿನಿಂದ ಮುಂದಕ್ಕೆ ಜೋಡಿಸುತ್ತೇನೆ. ಹಾಡುಗಳ ನಡುವೆ ಪಾಜ್ ಗುಂಡಿಯನ್ನಷ್ಟೇ ಒತ್ತುತ್ತೇನೆ, ಸ್ಟಾಪ್ ಒತ್ತಿದರೆ ಟಕ್ಕೆಂಬ ಸದ್ದು ಉಳಿಯುತ್ತದೆ. ಈಗ ನನ್ನ ಕ್ಯಾಸೆಟ್ಟುಗಳಲ್ಲಿ ಬದಿ ಮುಗಿಯುವಾಗ ಹತ್ತು ಸೆಕೆಂಡಿಗಿಂತ ಹೆಚ್ಚು ಖಾಲಿ ಉಳಿಯುವುದಿಲ್ಲ.

ಎರಡು ಹೆಡ್ಡಿನ ಡೆಕ್ಕಿನಲ್ಲಿ ಇದು ಸಾಧ್ಯವಿಲ್ಲ ಎಂಬುದು ಗೆಳೆಯರ ಹೊಸ ವಾದ. ರೆಕಾರ್ಡ್ ಮಾಡಿ, ಹಿಂದೆ ಸುತ್ತಿ, ಮತ್ತೆ ಕೇಳಿ ಬಯಾಸ್ ಹೊಂದಿಸುವುದು ನಿಧಾನದ ಕೆಲಸ ನಿಜ. ಆದರೆ ಹಾಗೆ ಹೊಂದಿಸಿದ ಮೊದಲ ಪೆಟ್ಟಿಗೆಯ ಫಲಿತಾಂಶ ಈಗಾಗಲೇ ಮೂರು ಹೆಡ್ಡಿನ ಡೆಕ್ಕಿನದಕ್ಕೆ ಹತ್ತಿರ ಬಂದಿದೆ.